ಗುಂಡಣ್ಣನ ವಾಂತಿಯೂ ನನ್ನ ಶುಚಿತ್ವವೂ

ಬೇರೆ ಯಾವುದರಲ್ಲಿ ಸೋತರೂ ಶುಚಿತ್ವದಲ್ಲಿ ನಾನು ಯಾರಿಗೂ ಸೋತವನಲ್ಲ. ನೆಲದ ಮೇಲೆ ಒಂದು ಹನಿ ಕಾಫಿ ಬಿದ್ದರೂ ಫಿನಾಯಿಲ್ ಬಾಟಲಿ ಹಿಡಿದು ಓಡಿಬರುತ್ತೇನೆ. ಬಸವೇಶ್ವರನಗರದ ನಮ್ಮ ಮನೆಗೆ ಬಂದವರು "ಆಸ್ಪತ್ರೆಗೆ ಬಂದ ಹಾಗಾಯ್ತು" ಎಂದರೆ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ. ಇಂಥ ಮನೆಗೆ ನನ್ನ ಹೆಂಡತಿ ಸುಮಾ ಒಂದು ಗಂಡುಬೆಕ್ಕು ತಂದು, ಗುಂಡಣ್ಣ ಎಂದು ಹೆಸರಿಟ್ಟು, ನನ್ನ ಕುರ್ಚಿಯನ್ನು ಅವನಿಗೆ ಬರೆದುಕೊಟ್ಟಳು. ಹೋದ ತಿಂಗಳು ಅವನು ವಾಂತಿ ಮಾಡಿದ. ಮನೆ ತುಂಬ ಗ್ರಾನೈಟ್ ಇದ್ದರೂ ಮೊದಲ ಸಲ ಆರಿಸಿಕೊಂಡದ್ದು ನಾನು ಮಡಿಸಿಟ್ಟಿದ್ದ ಪಂಚೆಯನ್ನು. ಆಮೇಲೆ ದೊಡ್ಡ ಮನಸ್ಸು ಮಾಡಿ ನೆಲಕ್ಕಿಳಿದ.

ನಮ್ಮ ಬೀದಿಯಲ್ಲಿ ವೈದ್ಯರಿಗೇನು ಬರವೇ? ಪಕ್ಕದ ಮನೆಯ ಸರೋಜಾ ಆಂಟಿ ಕಾಂಪೌಂಡಿನ ಆಚೆಯಿಂದಲೇ ಪರೀಕ್ಷಿಸಿ, "ಏನಾದ್ರೂ ವಿಶೇಷನಾ?" ಎಂದು ನಾಚಿಕೆಯಿಂದ ಕೇಳಿದರು. ಗಂಡು ಎಂದೆ. "ಈಗಿನ ಕಾಲದಲ್ಲಿ ಏನೂ ಹೇಳಕ್ಕಾಗಲ್ಲ ಬಿಡಿ" ಎಂದರು. ನಮ್ಮ ಜೊತೆಗೇ ಇರುವ ನನ್ನ ಅತ್ತೆಯವರಿಗೆ ಮಾತ್ರ ಇದು ದೃಷ್ಟಿಯೇ ಎಂಬುದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಗುಂಡಣ್ಣನನ್ನು ಬಾಗಿಲೆದುರು ಕೂರಿಸಿ, ಉಪ್ಪು-ಮೆಣಸಿನಕಾಯಿ ಇಳಿ ತೆಗೆಯುತ್ತ, "ಕಾಗೆ ಕಣ್ಣು, ಗೂಬೆ ಕಣ್ಣು, ಪಕ್ಕದ ಮನೆಯೋರ ಕಣ್ಣು" ಎಂದು ನಿವಾಳಿಸಿ ಒಲೆಗೆ ಹಾಕಿದರು. ನಾನು ವಿದ್ಯಾವಂತನಲ್ಲವೇ, ನಕ್ಕೆ. ನಕ್ಕು, ಫಿನಾಯಿಲ್ ತೆಗೆದುಕೊಂಡು ಒರೆಸಿದೆ. ಅವನು ಮತ್ತೆ ಕಕ್ಕಿದ, ನಾನು ಇನ್ನಷ್ಟು ಗಟ್ಟಿಯಾಗಿ ಹಾಕಿ ಒರೆಸಿದೆ.

ಮರುದಿನ ಗುಂಡಣ್ಣ ಊಟ ಬಿಟ್ಟ. ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಮುದುರಿ ಕೂತ. ನನ್ನ ಕುರ್ಚಿ ಖಾಲಿಯಿದ್ದರೂ ಕೂರಲು ನನಗೆ ಮನಸ್ಸಾಗಲಿಲ್ಲ. ನಿಜ ಹೇಳುತ್ತೇನೆ, ಭಯವಾಯಿತು. ಸುಮಾ ಅಳುತ್ತ ಅವನನ್ನು ತರಕಾರಿ ಬುಟ್ಟಿಯಲ್ಲಿಟ್ಟಳು. ಆಟೋ ಹಿಡಿದು ವಿಜಯನಗರದ ಪಶುವೈದ್ಯೆಯ ಬಳಿಗೆ ಓಡಿದೆವು.

"ವಾಂತಿಲಿ ಏನಿತ್ತು ಸಾರ್? ಕೂದಲಾ, ಊಟನಾ, ಬರೀ ನೊರೆನಾ? ಫೋಟೋ ಏನಾದ್ರೂ ತೆಗೆದಿದೀರಾ?"

"ಮೊದಲನೇ ಸಲ ಕೂದಲಿನ ಉಂಡೆ ಇತ್ತು ಡಾಕ್ಟ್ರೇ. ಆಮೇಲಿಂದ ನಾನು ನೋಡ್ಕೊಂಡು ನಿಲ್ಲೋನಲ್ಲ. ಬಿದ್ದ ತಕ್ಷಣ ಫಿನಾಯಿಲ್ ಹಾಕಿ ಒರೆಸಿಬಿಡ್ತೀನಿ" ಎಂದೆ, ಎದೆಯುಬ್ಬಿಸಿ.

ಆಕೆ ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದರು. "ಆ ನೆಲದ ಮೇಲೇ ಓಡಾಡ್ತಾನಾ? ಆಮೇಲೆ ಕಾಲು ನೆಕ್ಕೋತಾನಾ?"

"ಯಾವಾಗ್ಲೂ! ಕ್ಲೀನು ಅಂದ್ರೆ ನನ್ ಹಾಗೇ."

"ಸಾರ್, ಬೆಕ್ಕಿಗೆ ಫಿನಾಯಿಲ್ ವಿಷ. ಕೂದಲು ಕಕ್ಕಿದ್ದು ಮಾಮೂಲಿ, ಅಲ್ಲಿಗೇ ನಿಲ್ತಿತ್ತು. ನೀವು ಒರೆಸ್ತೀರ, ಅವನು ನೆಕ್ತಾನೆ, ವಾಂತಿ ಮಾಡ್ತಾನೆ, ನೀವು ಮತ್ತೆ ಒರೆಸ್ತೀರ."

ಸುಮಾ ನನ್ನ ಕಡೆ ತಿರುಗಿ ನೋಡಿದಳು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ.

ಕಾಲು ತೊಳೆದು, ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಮರುದಿನ ಸಂಜೆ ಗುಂಡಣ್ಣನನ್ನು ಮನೆಗೆ ಕಳಿಸಿದರು. ನೆಲಕ್ಕೆ ಇನ್ನು ಮುಂದೆ ಬರೀ ಸೋಪಿನ ನೀರು, ಮತ್ತೆ ವಾಂತಿಯಾದರೆ ಒರೆಸುವ ಮೊದಲು ಫೋಟೋ ಎಂದು ಕಟ್ಟಪ್ಪಣೆಯಾಯಿತು. ಫಿನಾಯಿಲ್ ಬಾಟಲಿಯನ್ನು ಸುಮಾ ನನ್ನ ಕಣ್ಣೆದುರೇ ಕಸದ ಗಾಡಿಗೆ ಹಾಕಿದಳು.

ಅತ್ತೆಯವರು ಅವನನ್ನು ಹೊಸ್ತಿಲಲ್ಲೇ ತಡೆದು ಮತ್ತೆ ಇಳಿ ತೆಗೆದರು. "ಕಾಗೆ ಕಣ್ಣು, ಗೂಬೆ ಕಣ್ಣು" ಎನ್ನುತ್ತ ಬಂದವರು ಪಕ್ಕದ ಮನೆಯನ್ನು ಈ ಸಲ ಬಿಟ್ಟುಬಿಟ್ಟರು. ಮುಷ್ಟಿಯಲ್ಲಿ ಉಪ್ಪು ಹಿಡಿದುಕೊಂಡೇ ನನ್ನ ಕಡೆ ನೋಡಿ, ತುಂಬ ಮರ್ಯಾದೆಯಿಂದ, "ನಮ್ಮ ಅಳಿಯಂದಿರ ಕೈ" ಎಂದು ಸೇರಿಸಿದರು.

ನಾನು ಈ ಸಲ ನಗಲಿಲ್ಲ.