ಕಪ್ಪು ಹೆಬ್ಬೆರಳಿನ ತೀರ್ಪು

ಆ ಬೆಳಿಗ್ಗೆ ಫಿಲಿನೋಸ್ ಕೈ ತೊಳೆಯದೆ ನಾಟಕಕ್ಕೆ ಓಡಿದ್ದೇ ಎಲ್ಲಕ್ಕೂ ಮೂಲ. ಅವನು ಅಥೆನ್ಸಿನಲ್ಲಿ ಚಪ್ಪಲಿ ಹೊಲಿಯುವವ. ಬೆರಳ ತುಂಬ ಚರ್ಮಕ್ಕೆ ಹಚ್ಚುವ ಕಪ್ಪು. ಗುಡ್ಡದ ಮಗ್ಗುಲಿನ ಮೆಟ್ಟಿಲ ಮೇಲೆ ಕೂರುವಷ್ಟರಲ್ಲಿ ನಾಟಕ ಸ್ಪರ್ಧೆಯ ತೀರ್ಪುಗಾರರನ್ನು ಆರಿಸುವ ಚೀಟಿಯಲ್ಲಿ ಅವನ ಹೆಸರೇ ಬಂತು. ಹತ್ತು ಜನರಲ್ಲಿ ಅವನೂ ಒಬ್ಬ.

ಬಾಮೈದ ದೆಕ್ಸಿಯೋಸ್ ಕೊಕ್ಕರೆಯ ವೇಷದಲ್ಲೇ ಓಡಿ ಬಂದ. “ಭಾವ, ನಮ್ಮ ಕೊಕ್ಕರೆ ಮೇಳಕ್ಕೇ ಬರೀಬೇಕು. ಸೋತರೆ ಅಕ್ಕ ಬಾಗಿಲು ತೆಗೆಯಲ್ಲ ಅಂದಿದ್ದಾಳೆ.”

“ನನ್ನ ಹೆಸರು ಬಂದಿದ್ದೇ ಈಗ. ಅವಳು ಯಾವಾಗ ಅಂದಳು?”

“ಅನ್ನದೇ ಇರ್ತಾಳಾ?”

ಅದೂ ನಿಜವೇ.

ಅವನು ಹೋದ ಮೇಲೆ ಪಕ್ಕದ ಮನೆಯ ಮೀನಿನ ಗ್ಲಾಕಸ್ ಬಂದು ಹೆಗಲ ಮೇಲೆ ಕೈ ಹಾಕಿದ. “ನಮ್ಮ ಹುಡುಗ ಗಡಿಗೆ ಮೇಳದಲ್ಲಿ ಕುಣೀತಾನೆ ಕಣಯ್ಯ. ಗೆಲ್ಲಿಸು, ಸಂಜೆ ಇಷ್ಟುದ್ದ ಹಾವುಮೀನು ಕೊಡ್ತೀನಿ. ಇಲ್ಲಾಂದ್ರೆ ನಿನಗೆ ಮೀನಿನ ಮುಳ್ಳೂ ಇಲ್ಲ.”

ಫಿಲಿನೋಸ್ ಇಬ್ಬರಿಗೂ ಹೂಂ ಅಂದ. ಹತ್ತು ಜನ ಪುಟ್ಟ ಹಲಗೆಯ ಮೇಲೆ ತೀರ್ಪು ಬರೆದು ಒಂದು ಕೊಡದೊಳಗೆ ಹಾಕಿದರೂ ಹೊರಗೆ ತೆಗೆಯುವುದು ಐದನ್ನೇ. ಉಳಿದ ಐದನ್ನು ಯಾರೂ ಓದುವುದಿಲ್ಲ. ‘ನಿಮಗೇ ಬರೆದೆ, ಹಾಳಾದ ಹಲಗೆ ಕೊಡದಲ್ಲೇ ಉಳೀತು’ ಎಂದರೆ ಹಾವೂ ಸಾಯದು, ಕೋಲೂ ಮುರಿಯದು.

ಕೊಕ್ಕರೆಗಳು ಚೆನ್ನಾಗಿಯೇ ಕುಣಿದವು. ಗಡಿಗೆಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಕೊನೆಗೆ ಬಂದದ್ದು ಮುದುಕ ತೆಲೆಸೋನನ ನಾಟಕ. ಹನ್ನೊಂದು ವರ್ಷದಿಂದ ಸೋತೇ ಬಂದ ಕವಿ ಅವನು. ಅವನ ನಾಯಕ ತಡವಾಗಿ ಮನೆಗೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಮುಚ್ಚಿದ ಬಾಗಿಲಿಗೇ ಕ್ಷಮೆ ಕೇಳಿದ. ಮೊನ್ನೆ ತಾನೇ ಹಾಗೆ ಮಾಡಿದ್ದ ಫಿಲಿನೋಸ್ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ನ್ಯಾಯವಾಗಿ ತೀರ್ಪು ಕೊಡುತ್ತೇನೆಂದು ದೇವರ ಮೇಲೆ ಆಣೆ ಬೇರೆ ಇಟ್ಟಿದ್ದ. ಧೈರ್ಯ ಮಾಡಿ ಮುದುಕನ ಹೆಸರನ್ನೇ ಬರೆದ.

ನಾಲ್ಕು ಹಲಗೆ ತೆಗೆದಾಗ ಕೊಕ್ಕರೆಗಳಿಗೆ ಎರಡು, ಮುದುಕನಿಗೆ ಎರಡು. ಅಧಿಕಾರಿ ಐದನೆಯದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ತೆಲೆಸೋನ್.”

ಹಲಗೆಯ ಮೂಲೆಯಲ್ಲಿ ದೊಡ್ಡದೊಂದು ಕಪ್ಪು ಹೆಬ್ಬೆರಳ ಗುರುತು. ಗ್ಲಾಕಸ್ ಹಲಗೆ ನೋಡಿದ, ಫಿಲಿನೋಸನ ಕೈ ನೋಡಿದ. ಕೊಕ್ಕರೆಯೂ ನೋಡಿತು. ಮುದುಕ ಮಾತ್ರ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅದನ್ನು ಕಂಡು ಫಿಲಿನೋಸನಿಗೆ ಹೆದರಿಕೆಯ ನಡುವೆಯೂ ಹಿತವೆನಿಸಿತು.

ಸಂಜೆಯವರೆಗೂ ಊರು ಸುತ್ತಿ ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು. ಒಳಗೆ ತೆಲೆಸೋನ್, ದೆಕ್ಸಿಯೋಸ್, ಗ್ಲಾಕಸ್ ಮೂವರೂ ಹಾವುಮೀನಿನ ಮುಳ್ಳು ಚೀಪುತ್ತಿದ್ದರು.

“ಬಾರಪ್ಪ,” ಎಂದ ಮುದುಕ. “ನಿನ್ನ ಉಪಕಾರ ನೆನೆಯೋಕೆ ಬಂದೆ, ಒಳ್ಳೇ ಕತೆ ಸಿಕ್ತು. ಇಬ್ಬರಿಗೆ ಹೂಂ ಅಂದು ಮೂರನೆಯವನಿಗೆ ಬರೆದ ಚಪ್ಪಲಿಯವ. ಮುಂದಿನ ವರ್ಷದ ನಾಟಕ ನಿನ್ನ ಕತೆಯೇ.”

“ನಿಮ್ಮ ಪಾತ್ರ ನಂದು, ಭಾವ,” ಎಂದ ದೆಕ್ಸಿಯೋಸ್.

“ನಮ್ಮ ಹುಡುಗ ಹೆಬ್ಬೆರಳಾಗ್ತಾನೆ,” ಎಂದ ಗ್ಲಾಕಸ್, ಹಗೆಯೆಲ್ಲ ಮರೆತು.

ಹೆಂಡತಿ ತಿಮಾರೆತೆ ಒಳಬಾಗಿಲಿನಿಂದ ಇಣುಕಿದಳು. “ನಮ್ಮ ತಮ್ಮನಿಗೆ ನಿಮ್ಮ ನಡಿಗೆ ಬರ್ತಿಲ್ಲ ರೀ. ಒಂದ್ಸಲ ಹೊರಗೆ ಹೋಗಿ, ಬಾಗಿಲು ತಟ್ಟಿ ತೋರಿಸಿ.”

ಫಿಲಿನೋಸ್ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋದ. ಹಿಂದೆಯೇ ಒಳಗಿನಿಂದ ಅಗುಳಿ ಬಿತ್ತು. ಅವನು ತಟ್ಟಿದ, ಕ್ಷಮೆಯನ್ನೂ ಕೇಳಿದ. ಒಳಗಿನ ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.