ಬೆಳೆಯಲು ಬಿಟ್ಟ ಮೂರು ಬೆರಳು

ನನ್ನ ಹೆಂಡತಿ ನನ್ನನ್ನು ಬೈಯುತ್ತಾಳೆ ಅನ್ನುವುದು ನನ್ನ ದೂರಲ್ಲ. ಗಂಡ ಅಂದಮೇಲೆ ಅಷ್ಟಾದರೂ ಇರಬೇಡವೇ? ಆದರೆ ನನ್ನ ಕಸುಬಿನ ಮೂಲಮಂತ್ರವನ್ನೇ ಕಿತ್ತುಕೊಂಡು, ನನ್ನ ಅಂಗಡಿಯಲ್ಲೇ, ನನ್ನ ಗಿರಾಕಿಗಳ ಎದುರಿಗೇ ನನ್ನನ್ನು ದಿನಾ ನಗೆಪಾಟಲು ಮಾಡುತ್ತಾಳಲ್ಲ, ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. (ನೀವು ಕೇಳಿದ್ದನ್ನು ಅವಳ ಕಿವಿಗೆ ಹಾಕಬೇಡಿ.)

ನಾನು ಟೈಲರ್. ಅಂತಿಂಥ ಟೈಲರ್ ಅಲ್ಲ, ಶಾಲಾ ಸಮವಸ್ತ್ರದ ಟೈಲರ್. ನಮ್ಮ ಊರಿನ ಅರ್ಧದಷ್ಟು ಜನ ನಾನು ಹೊಲಿದ ಚಡ್ಡಿಯಲ್ಲೇ ಮಗ್ಗಿ ಕಲಿತವರು. ಶಾಲೆ ಶುರುವಾಗುವ ದಿನಗಳಲ್ಲಿ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಾರೆ. ಹುಡುಗನಿಗೆ ಹೊಸ ಅಂಗಿ ತೊಡಿಸಿದರೆ ತೋಳು ಬೆರಳನ್ನು ದಾಟಿ ಕೆಳಗೆ ಜೋತಾಡುತ್ತಿರುತ್ತದೆ. ತಾಯಿ ನನ್ನ ಮುಖ ನೋಡುತ್ತಾಳೆ. ನಾನು ಗಂಭೀರವಾಗಿ ಹೇಳುತ್ತೇನೆ: "ಬೆಳೀತಾನೆ ಬಿಡಿ. ಮೂರು ಬೆರಳು ಬಟ್ಟೆ ಬಿಟ್ಟಿದ್ದೀನಿ." ತಾಯಿಗೆ ಸಂತೋಷ, ಹುಡುಗನಿಗೆ ಅಳು. ಬಟ್ಟೆ ದೇಹವನ್ನು ಹುಡುಕಿಕೊಂಡು ಹೋಗಬಾರದು, ದೇಹವೇ ಬಟ್ಟೆಯನ್ನು ಹುಡುಕಿಕೊಂಡು ಬರಬೇಕು. ಇದೇ ನನ್ನ ಸಿದ್ಧಾಂತ. ನನ್ನ ಹೆಂಡತಿ ಹಿಂದುಗಡೆ ಕಿಟಕಿ ಪಕ್ಕದಲ್ಲಿ ಕೂತು ಗುಂಡಿಯ ತೂತಿಗೆ ಕಾಜಾ ಹಾಕುತ್ತಾಳೆ, ಗುಂಡಿ ಹಚ್ಚುತ್ತಾಳೆ. ಅವಳ ಮೈಮೇಲೆ ಯಾವಾಗಲೂ ಯಾವುದಾದರೊಂದು ಶಾಲೆಯ ಬಣ್ಣದ ದಾರದ ತುಣುಕು ಅಂಟಿಕೊಂಡಿರುತ್ತದೆ.

ಹೀಗಿರುವಾಗ ನಮಗೆ ಬಟ್ಟೆ ಕೊಡುವ ಮಿಲ್ಲಿನ ಏಜೆಂಟ್ ಒಂದು ದಿನ ಹಲ್ಲು ಕಿರಿದುಕೊಂಡು ಬಂದ.

"ಟೈಲರ್ ಮೇಷ್ಟ್ರೇ, ನಿಮ್ಮ ಅಂಗಡಿ ಈ ವರ್ಷ ಥಾನುಗಟ್ಟಲೆ ಬಟ್ಟೆ ಎತ್ತಿದೆ. ಮಿಲ್ಲಿನವರು ನಿಮ್ಮಿಬ್ರನ್ನೂ ಹಡಗಿನಲ್ಲಿ ಒಂದು ವಾರ ಸುತ್ತಾಡಿಸ್ತಾರೆ. ಊಟ, ರೂಮು ಎಲ್ಲಾ ಅವರದ್ದೇ. ನಿಮ್ಮ ಥರದ ಬೇರೆ ಅಂಗಡಿಯವರೂ ಬರ್ತಾರೆ. ಆದ್ರೆ ಒಂದು ವಿಷಯ. ಮೊದಲನೇ ರಾತ್ರಿ, ಕೊನೇ ರಾತ್ರಿ ಎರಡೂ ಫಾರ್ಮಲ್ ನೈಟ್. ಗಂಡಸರಿಗೆ ಕರೀ ಸೂಟು, ಹೆಂಗಸರಿಗೆ ಗೌನು. ಇಲ್ದಿದ್ರೆ ದೊಡ್ಡ ಊಟದ ಹಾಲಿಗೆ ಬಿಡಲ್ಲ. ಅಲ್ಲೇ ಕ್ಯಾಪ್ಟನ್ನು ಒಂದೊಂದು ಜೋಡಿ ಜೊತೆ ನಿಂತು ಫೋಟೋ ತೆಗೆಸ್ಕೊಳ್ಳೋದು."

ಕಾಜಾ ಹಾಕುತ್ತಿದ್ದ ಸೂಜಿ ನಿಂತಿತು. "ಫೋಟೋನಾ?" ಅಂದಳು ನನ್ನವಳು.

ಅವಳ ಆ ಒಂದು ಮಾತಿನಲ್ಲಿ ಎಷ್ಟು ಆಸೆ ಇತ್ತು ಅನ್ನುವುದು ಆಮೇಲೆ ರಾತ್ರಿ ಊಟಕ್ಕೆ ಕೂತಾಗ ನನಗೆ ಗೊತ್ತಾಯಿತು. "ನಮ್ದು ಇರೋ ಫೋಟೋ ಎಲ್ಲಾ ಅಂಗಡೀದೇ ಕಣ್ರೀ. ಒಂದ್ರಲ್ಲಾದ್ರೂ ನಾನು ನೆಟ್ಟಗೆ ಕಾಣ್ತೀನಾ? ಹಿಂದ್ಗಡೆ ಬರೀ ಚಡ್ಡಿ ನೇತಾಡ್ತಿರುತ್ವೆ. ಒಂದೇ ಒಂದು ಫೋಟೋ, ನಾವಿಬ್ರೂ ಚೆನ್ನಾಗಿರೋದು, ಗೋಡೆಗೆ ಹಾಕೋ ಅಂಥದ್ದು. ಅಷ್ಟೇ ನಂಗೆ ಬೇಕಾಗಿರೋದು." ನಾನು "ಆಗಲಿ ಕಣೇ, ಅದೇನ್ ಮಹಾ" ಅಂದೆ. (ಗಂಡಸರು ಈ ಮಾತನ್ನು ಆಡುವುದಕ್ಕೆ ಮುಂಚೆ ಸ್ವಲ್ಪ ಯೋಚಿಸಬೇಕು.)

ಅವಳು ಗೌನು ಕೊಳ್ಳುವುದಕ್ಕೆ ಪೇಟೆಯನ್ನೆಲ್ಲ ಜಾಲಾಡಿದಳು. ನೀಲಿ ತೋರಿಸಿದರೆ "ಇದು ಬೆಟ್ಟದ ಮೇಲಿನ ಸ್ಕೂಲಿಂದು." ಮರೂನ್ ತೋರಿಸಿದರೆ "ಅಯ್ಯೋ, ಇದು ಹುಡುಗೀರ ಸ್ಕೂಲಿಂದು." ಬೂದು ಬಣ್ಣಕ್ಕಂತೂ ಕಣ್ಣನ್ನೇ ಮುಚ್ಚಿಕೊಂಡಳು. ಕೊನೆಗೆ ಭೂಮಂಡಲದ ಯಾವ ಶಾಲೆಯೂ ಮುಟ್ಟದ ನವಿಲುಬಣ್ಣದ ಗೌನೊಂದು ಸಿಕ್ಕಿತು. ಹಾಕಿಕೊಂಡು ಹೊರಗೆ ಬಂದಾಗ, ಸುಳ್ಳೇಕೆ, ನಾನು ಪಕ್ಕದಲ್ಲಿದ್ದ ಸ್ಟೂಲನ್ನು ಹಿಡಿದುಕೊಂಡೆ.

"ನಿಮಗೂ ಇಲ್ಲೇ ಒಂದು ಸೂಟು ತಗೊಂಡ್‌ಬಿಡೋಣ" ಅಂದಳು.

ನನ್ನ ಸ್ವಾಭಿಮಾನ ಭುಗಿಲೆಂದಿತು. "ಊರಿಗೆಲ್ಲಾ ಹೊಲಿಯೋನು ರೆಡಿಮೇಡ್ ಹಾಕ್ಕೋಬೇಕಾ? ನನ್ ಕೋಟು ನಾನೇ ಹೊಲ್ಕೋತೀನಿ!"

ಹೊಲಿದೆ. ಹಿರಿಯ ತರಗತಿಗಳ ಬ್ಲೇಜರಿಗೆ ತಂದಿದ್ದ ಕರೀ ಬಟ್ಟೆ, ಎಂಥಾ ಬಟ್ಟೆ! ಕತ್ತರಿ ಹಿಡಿದರೆ ನನ್ನ ಕೈ ತಾನಾಗಿ ಓಡುತ್ತದೆ, ತಲೆಯನ್ನು ಕೇಳುವುದಿಲ್ಲ. ಲೈನಿಂಗ್ ಬೇಡವೆಂದು ಬಿಟ್ಟೆ. ಪ್ಯಾಂಟಿನ ಸೊಂಟಕ್ಕೆ ಹಿಂದುಗಡೆ ಎಲಾಸ್ಟಿಕ್ ಕೂಡ ಹಾಕಿದೆ. "ಒಂದ್ಸಲ ಹಾಕಿ ನೋಡ್ರೀ" ಎಂದು ಅವಳು ಬಡಕೊಂಡಳು. ನನ್ನ ಮೈಗೆ ನಾನೇ ಟ್ರಯಲ್ ನೋಡುವುದೇ? ಇಸ್ತ್ರಿ ಹಾಕಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ.

ಹಡಗಿನ ಮೊದಲನೇ ಸಂಜೆ ನಮ್ಮ ಪುಟ್ಟ ರೂಮಿನಲ್ಲಿ ಕೋಟು ತೊಟ್ಟು ಕನ್ನಡಿ ಮುಂದೆ ನಿಂತೆ. ನನಗೆ ಕೈಗಳಿರಲಿಲ್ಲ. ತೋಳಿನ ತುದಿ ಬೆರಳುಗಳನ್ನೆಲ್ಲ ನುಂಗಿ ಇನ್ನೂ ಮೂರು ಬೆರಳು ಮುಂದಕ್ಕೆ ಹೋಗಿತ್ತು. ಭುಜ ಎರಡೂ ಕಡೆ ಸೂರಿನ ಹಾಗೆ ಚಾಚಿಕೊಂಡಿತ್ತು. ಎದೆಯ ಹತ್ತಿರ ಇನ್ನೊಬ್ಬರಿಗೆ ಆರಾಮವಾಗಿ ಜಾಗವಿತ್ತು.

ನನ್ನವಳು ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಈ ಕೋಟು ಯಾರಿಗೆ ಹೊಲಿದಿದ್ದು?"

"ನಂಗೇ."

"ಯಾವ ವರ್ಷಕ್ಕೆ?"

ಆಗಲೇ ನನಗೆ ಹೊಳೆದದ್ದು. ಬೆಳೆಯುವ ಮಕ್ಕಳಿಗೆ ಬಿಡುವ ಬಟ್ಟೆಯನ್ನು, ಕೈ ರೂಢಿಯ ಮೇಲೆ, ತಲೆ ನರೆತ ನನಗೂ ಬಿಟ್ಟಿದ್ದೆ.

ಆದರೂ ಧೈರ್ಯ ಮಾಡಿ ಊಟದ ಹಾಲಿನ ಬಾಗಿಲ ತನಕ ಹೋದೆವು. ಅಲ್ಲಿ ಫೋಟೋಗೆ ಸಾಲು ನಿಂತಿತ್ತು. ನಮ್ಮ ಮುಂದೆ ಇದ್ದವನು ಶಾಲೆಗಳಿಗೆ ಟೈ, ಬೆಲ್ಟು ಒದಗಿಸುವ ವ್ಯಾಪಾರಿ. ಅವನನ್ನು ಎಲ್ಲರೂ ಟೈಬೆಲ್ಟು ಎಂದೇ ಕರೆಯುವುದು. ದುಬಾರಿ ಅಂಗಡಿಯ ಸೂಟಿನಲ್ಲಿ ಮಿಂಚುತ್ತಿದ್ದ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಏನ್ ಮೇಷ್ಟ್ರೇ, ಈ ಸಲ ಪಾಸಾದ್ರಾ? ಯಾವ ಕ್ಲಾಸು ಈಗ?" ಅಂದ. ಸಾಲು ಪೂರ್ತಿ ನಕ್ಕಿತು.

ನನ್ನವಳು ನಗಲಿಲ್ಲ. "ನಂಗೆ ಹಸಿವಿಲ್ಲ, ಬನ್ನಿ" ಎಂದು ತಿರುಗಿದಳು.

ಮೇಲಿನ ಮಹಡಿಯಲ್ಲಿ ಬೇರೆ ಊಟದ ಜಾಗವಿತ್ತು. ಅಲ್ಲಿ ಏನು ಬೇಕಾದರೂ ಹಾಕಿಕೊಂಡು ಹೋಗಬಹುದು, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಒದ್ದೆ ತಲೆಯ ಮಕ್ಕಳು, ಬರ್ಮುಡಾ ತೊಟ್ಟ ಗಂಡಸರು, ಇವರೆಲ್ಲರ ನಡುವೆ ನವಿಲುಬಣ್ಣದ ಗೌನಿನಲ್ಲಿ ಕೂತು ಅವಳು ಸೂಪು ಕುಡಿದಳು. ಒಂದು ಬೈಗುಳವೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಕೇಳಿದ್ದು ಒಂದೇ ಫೋಟೋ, ಅದನ್ನೂ ಕೊಡಿಸಲಾರದ ಗಂಡ.

ಆ ಸಂಕಟದಲ್ಲಿ ನಾನು ಎರಡನೇ ಸಲ ಬಡಿಸಿಕೊಳ್ಳಲು ಎದ್ದೆ. ಕೇಕಿನ ಮುಂದೆ ತಟ್ಟೆ ಹಿಡಿದು ನಿಂತಾಗ ನನಗೆ ಜ್ಞಾನೋದಯವಾಯಿತು. ಇನ್ನೊಂದು ಫಾರ್ಮಲ್ ನೈಟ್ ಬಾಕಿ ಇದೆ! ನನ್ನ ಸಿದ್ಧಾಂತ ಏನು ಹೇಳುತ್ತದೆ? ದೇಹವೇ ಬಟ್ಟೆಯನ್ನು ಹುಡುಕಿಕೊಂಡು ಬರಬೇಕು. ತೋಳಿನ ಉದ್ದಕ್ಕೆ ಕೊನೇ ದಿನ ಎರಡು ಹೊಲಿಗೆ ಹಾಕಿದರಾಯಿತು. ಉಳಿದ ಅಗಲವನ್ನು ತುಂಬುವ ಹೊಣೆ ನನ್ನದು. ಕೇಕಿನ ಮೂರು ತುಂಡು ಹಾಕಿಸಿಕೊಂಡೆ.

ಮರುದಿನದಿಂದ ನನ್ನ ತಪಸ್ಸು ಆರಂಭವಾಯಿತು. ಬೆಳಗ್ಗೆ ಬ್ರೆಡ್ಡು, ಬೆಣ್ಣೆ, ಮೊಟ್ಟೆ. ಅದು ಇಳಿಯುವ ಮೊದಲೇ ಹಣ್ಣು, ಐಸ್‌ಕ್ರೀಮು. ಮಧ್ಯಾಹ್ನದ್ದನ್ನು ಹೇಳಿದರೆ ನೀವು ದೃಷ್ಟಿ ಹಾಕುತ್ತೀರಿ. ಬಾಣಸಿಗನೊಬ್ಬ ನನ್ನನ್ನು ಕಂಡರೆ ಸಾಕು, ದೊಡ್ಡ ಸೌಟನ್ನು ಕೈಗೆತ್ತಿಕೊಳ್ಳುತ್ತಿದ್ದ. ಹೆಂಡತಿಗೆ ಮಾತ್ರ ಗುಟ್ಟು ಬಿಟ್ಟುಕೊಡಲಿಲ್ಲ. ಕೊನೇ ದಿನ ಕೋಟಿನಲ್ಲಿ ತುಂಬಿ ತುಳುಕುತ್ತಾ ಅವಳ ಮುಂದೆ ನಿಲ್ಲಬೇಕು, ಅವಳ ಮುಖ ಅರಳಬೇಕು.

ಅವಳೂ ನನಗೆ ಅಡ್ಡ ಬರಲಿಲ್ಲ. ಬರುವುದೇನು, ಅವಳೇ ದಬ್ಬುತ್ತಿದ್ದಳು. "ನಂಗೆ ಸಮುದ್ರ ನೋಡಿದ್ರೆ ತಲೆ ಸುತ್ತುತ್ತೆ. ನಾನು ರೂಮಲ್ಲೇ ಇರ್ತೀನಿ. ನೀವು ಹೋಗಿ, ನಿಧಾನಕ್ಕೆ ತಿನ್ಕೊಂಡು ಬನ್ನಿ. ಬೇಗ ಬರ್ಬೇಡಿ." ಎಂಥಾ ಹೆಂಡತಿ ಅಂದುಕೊಂಡು ಇನ್ನೊಂದು ತಟ್ಟೆ ಹೆಚ್ಚಿಗೆ ತಿಂದೆ. ಒಂದು ಮಧ್ಯಾಹ್ನ ವಾಪಸು ಬಂದಾಗ ಅವಳ ಹೆಗಲಮೇಲೆ ಕರೀ ದಾರದ ತುಣುಕು ಕಂಡಿತು. ಅವಳ ಮೈಮೇಲೆ ದಾರ ಕಾಣುವುದು ಹೊಸದೇ? ನಾನು ತೇಗಿ ಮಲಗಿಬಿಟ್ಟೆ.

ಕೊನೇ ಸಂಜೆ ಬಂತು. ಅವಳು ಗೌನು ತೊಟ್ಟು, ಕಣ್ಣಲ್ಲೇನೋ ಗುಟ್ಟಿಟ್ಟುಕೊಂಡು, "ಕೋಟು ಹಾಕ್ಕೊಳ್ಳಿ ನೋಡೋಣ" ಅಂದಳು. ನಾನೂ ಗುಟ್ಟಿನ ನಗೆ ನಗುತ್ತಾ ತೋಳು ತೂರಿಸಿದೆ. ನಾನಿನ್ನೂ ಹೊಲಿಗೆ ಹಾಕಿಯೇ ಇರಲಿಲ್ಲ, ಆಗಲೇ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಇದೇನು ಎಂದು ಯೋಚಿಸುವಷ್ಟರಲ್ಲಿ ಬೆನ್ನು ಬಿಗಿಯಿತು, ಕಂಕುಳು ಕಚ್ಚಿತು. ಗುಂಡಿಗೂ ಕಾಜಾಕ್ಕೂ ನಡುವೆ ನನ್ನ ಹೊಟ್ಟೆ ಗಡಿ ಕಾಯುವ ಸೈನಿಕನ ಹಾಗೆ ನಿಂತಿತ್ತು.

"ಬಟ್ಟೆ ಕುಗ್ಗಿದೆ!" ಎಂದು ಕೂಗಿದೆ. "ಉಪ್ಪು ಗಾಳಿಗೆ ಕುಗ್ಗಿದೆ! ಎಂಥಾ ಕಳಪೆ ಬಟ್ಟೆ ಕೊಟ್ಟಿದ್ದಾರೆ ಮಿಲ್ಲಿನವ್ರು! ಆ ಏಜೆಂಟೂ ಹಡಗಲ್ಲೇ ಇದ್ದಾನಲ್ಲ, ಈಗ್ಲೇ ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡೀತೀನಿ!"

"ಅಯ್ಯೋ, ನಿಲ್ರೀ! ಬಟ್ಟೆ ಕುಗ್ಗಿಲ್ಲ. ನಾನೇ ಕುಗ್ಗಿಸಿದ್ದು!"

"ಏನಂದೆ?"

"ದಿನಾ ಕೂತು ಕೈಯಲ್ಲೇ ಹೊಲಿದಿದ್ದೀನಿ. ತೋಳು, ಭುಜ, ಬೆನ್ನು, ಎಲ್ಲಾ ನಿಮ್ಮ ಮೈಗೆ ಸರಿಯಾಗಿ ಹಿಡಿದಿದ್ದೀನಿ. ನಿಮ್ಮ ಅಳತೆ ನಂಗೆ ಗೊತ್ತಿಲ್ವಾ? ಇಷ್ಟು ವರ್ಷ ಒಂದೇ ಅಳತೆ ಇದ್ದೋರು, ಒಂದು ವಾರದಲ್ಲಿ ಏನ್ರೀ ಇದು?" ಎಂದು ನನ್ನ ಹೊಟ್ಟೆಯನ್ನು ಬೆರಳಲ್ಲಿ ಒತ್ತಿದಳು.

"ಕೋಟಿಗೆ ಸರಿಹೋಗ್ಲಿ ಅಂತ ಬೆಳೆಸ್ದೆ ಕಣೇ! ನಿನ್ ಫೋಟೋಗೋಸ್ಕರ!"

"ಬೆಳೆಸಿದ್ರಾ? ಹೊಟ್ಟೇನಾ? ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ? ನೀನೇ ತಾನೇ, ತಿನ್ಕೊಂಡು ಬನ್ನಿ, ಬೇಗ ಬರ್ಬೇಡಿ ಅಂದಿದ್ದು?"

"ನೀವು ಬೇಗ ಬಂದ್ರೆ ಕೋಟು ಹೊಲಿಯೋದು ಹೇಗೆ!"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದೆವು. ಅವಳ ಕಣ್ಣು ತುಂಬಿತು. ಆಮೇಲೆ ಅದೇನಾಯಿತೋ, ನನ್ನ ಹೊಟ್ಟೆಯನ್ನು ನೋಡಿ ಕಿಸಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಮಂಚದ ಮೇಲೆ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಹೆಚ್ಚಿದ್ದ ಬಟ್ಟೆ ಕತ್ತರಿಸಿಬಿಟ್ಯಾ?" ಎಂದೆ.

"ನಾನ್ಯಾಕೆ ಕತ್ತರಿಸ್ಲಿ? ಟೈಲರ್ ಹೆಂಡ್ತಿ ನಾನು. ಮೂರು ಬೆರಳು ಹಾಗೇ ಒಳಗಿದೆ."

ಧನ್ಯ ತಾಯಿ ಎಂದೆ ಮನಸ್ಸಿನಲ್ಲಿ. ಕೋಟು ಬಿಚ್ಚಿ ಬೆನ್ನ ನಡುವಿನ ಹೊಲಿಗೆಯನ್ನು ನಾನೊಂದು ತುದಿಯಿಂದ, ಅವಳೊಂದು ತುದಿಯಿಂದ ಕೀಳತೊಡಗಿದೆವು. ಅವಳ ಹೊಲಿಗೆಯೋ, ಕಲ್ಲು! ಜನ್ಮಕ್ಕೆ ಬಿಚ್ಚದಂತೆ ಹಾಕಿದ್ದಳು. ಕೊನೆಗೆ ಬೆನ್ನು ಕತ್ತಿನಿಂದ ಕೆಳತನಕ ಬಿಚ್ಚಿಕೊಂಡಿತು. ಅಷ್ಟರಲ್ಲಿ ಗೋಡೆಯ ಸ್ಪೀಕರು ಉಲಿಯಿತು: ಕ್ಯಾಪ್ಟನ್ ಜೊತೆ ಫೋಟೋ ತೆಗೆಸಿಕೊಳ್ಳದವರು ಕೂಡಲೇ ಬರಬೇಕು, ಇನ್ನೇನು ಮುಗಿಯುತ್ತದೆ.

ಹೊಲಿಯಲು ಹೊತ್ತೆಲ್ಲಿದೆ? ಪಿನ್ನು ಚುಚ್ಚಿ ನೋಡಿದೆವು. ನಾನು ಉಸಿರು ಬಿಟ್ಟೊಡನೆ ಪಿನ್ನು ಎಗರಿ ಕನ್ನಡಿಗೆ ಬಡಿಯಿತು. "ನಡೀರಿ, ನಾನು ಹಿಡ್ಕೋತೀನಿ" ಎಂದಳು ನನ್ನವಳು.

ಮುಂದಿನಿಂದ ನಾನು ರಾಜಕುಮಾರ. ಹಿಂದಿನಿಂದ ಎರಡು ಬಾಗಿಲು ತೆರೆದ ಬೀರು. ಅವಳು ಬಲಗೈಯನ್ನು ನನ್ನ ಬೆನ್ನ ಹಿಂದೆ ಹಾಕಿ, ಬಿಚ್ಚಿಕೊಂಡ ಎರಡೂ ಅಂಚನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದಿದ್ದಳು. ಹಾಗೇ ಗೋಡೆ ಸವರಿಕೊಂಡು, ಏಡಿಗಳ ಹಾಗೆ ಅಡ್ಡಡ್ಡ ನಡೆದು ಊಟದ ಹಾಲಿಗೆ ಬಂದೆವು. ಕ್ಯಾಪ್ಟನ್ ನನ್ನ ಕೈ ಕುಲುಕಿ, ನಮ್ಮ ಪಕ್ಕ ನಿಂತ. ಫೋಟೋದವನು "ಇನ್ನೂ ಹತ್ತಿರ" ಎಂದು ಕೈಸನ್ನೆ ಮಾಡಿದ. ನಾವು ಅದಕ್ಕಿಂತ ಹತ್ತಿರ ಬರಲು ಸಾಧ್ಯವೇ ಇರಲಿಲ್ಲ. ಬೆಳಕು ಫಳ್ ಎಂದಿತು. ನನ್ನವಳು ನಗುತ್ತಿದ್ದಳು, ರೂಮಿನಲ್ಲಿ ಶುರುವಾದ ನಗು ಇನ್ನೂ ಮುಗಿದಿರಲಿಲ್ಲ.

ಪಕ್ಕದಲ್ಲಿದ್ದ ಟೈಬೆಲ್ಟಿನ ಹೆಂಡತಿ ಗಂಡನನ್ನು ತಿವಿದಳು. "ನೋಡ್ರೀ, ಈ ವಯಸ್ಸಲ್ಲೂ ಎಷ್ಟು ಪ್ರೀತಿ! ಬಂದಾಗಿಂದ ಕೈ ಬಿಟ್ಟೇ ಇಲ್ಲ. ನೀವೂ ಇದ್ದೀರಿ." ಟೈಬೆಲ್ಟಿನ ಮುಖ ನೋಡಿ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಊಟದ ಕುರ್ಚಿಗೆ ಬೆನ್ನು ಅಂಟಿಸಿ ಕೂತಮೇಲೂ ಅವಳು ಕೈ ತೆಗೆಯಲಿಲ್ಲ. "ಬಿಡೇ, ಈಗ ಯಾರಿಗೂ ಕಾಣಲ್ಲ" ಎಂದರೆ, "ಇರ್ಲಿ ಬಿಡಿ" ಎಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖಪುರುಷ. ಫೋಟೋ ನಿಜಕ್ಕೂ ಚೆನ್ನಾಗಿ ಬಂದಿದೆ. ನವಿಲುಬಣ್ಣದಲ್ಲಿ ಅವಳು ಬೆಳಗುತ್ತಿದ್ದಾಳೆ. ನನ್ನ ಕೋಟು ಮೈಗೆ ಎರಕ ಹೊಯ್ದಂತೆ ಕೂತಿದೆ, ಹೊಟ್ಟೆಯೂ ಎದ್ದು ಕಾಣುತ್ತಿದೆ. ಮನೆಯ ಗೋಡೆಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಕಟ್ಟು ಹಾಕಿಸಿ ತಂದು ಅಂಗಡಿಯಲ್ಲಿ, ನಾನು ಬಟ್ಟೆ ಕತ್ತರಿಸುವ ಮೇಜಿನ ನೆತ್ತಿಯ ಮೇಲೇ ನೇತುಹಾಕಿದಳು.

ಮೊನ್ನೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹೊಸ ಅಂಗಿಯ ತೋಳು ಎಂದಿನಂತೆ ಬೆರಳು ದಾಟಿತ್ತು. "ಇಷ್ಟು ದೊಡ್ಡದಾ?" ಎಂದರು. ನಾನು ಗಂಟಲು ಸರಿಮಾಡಿಕೊಂಡು ಮೂಲಮಂತ್ರಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಹಿಂದಿನಿಂದ ನನ್ನವಳ ದನಿ ಬಂತು.

"ಬೆಳೀತಾನೆ ಬಿಡಿ ಅಮ್ಮಾ. ನಮ್ಮೆಜಮಾನ್ರು ಈ ವಯಸ್ಸಲ್ಲಿ, ಬರೀ ಒಂದೇ ವಾರದಲ್ಲಿ ಬೆಳೆದ್ರು. ನೋಡಿ, ಮೇಲ್ಗಡೆ ಫೋಟೋ ಇದೆ."

ಆ ತಾಯಿ ಫೋಟೋ ನೋಡಿದರು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದರು. ತುಂಬ ಹೊತ್ತು ನೋಡಿ, ಚಿಂತೆಯಿಂದ ಹೇಳಿದರು: "ಹಾಗಾದ್ರೆ ಮೂರು ಬೆರಳು ಸಾಲಲ್ಲ ಮೇಷ್ಟ್ರೇ. ನಾಲ್ಕು ಬಿಡಿ."