ಸಂಸ್ಕೃತ ಮಾಷ್ಟ್ರ ಕ್ವಿಜ್ ಹಟ

ಸಂಸ್ಕೃತ ಕಲಿಸುವವನನ್ನು ಜನ ಸುಮ್ಮನೆ ಬದುಕಲು ಬಿಡುವುದಿಲ್ಲ. ಅವನಿಗೆ ಕ್ವಿಜ್ ಹುಚ್ಚೂ ಇದ್ದರೆ ಮುಗಿದೇಹೋಯಿತು, ನಗೆಪಾಟಲು ಮನೆ ಬಾಗಿಲಿಗೇ ಬರುತ್ತದೆ. ನನಗೆ ಎರಡೂ ಇದ್ದವು.

ಎಪ್ಪತ್ತರ ದಶಕದ ಕೊನೆ. ನನ್ನ ಮನೆ ಮುಂಬೈ ಪಕ್ಕದ ಕಲ್ಯಾಣದಲ್ಲಿ, ಕಾಲೇಜು ಠಾಣೆ ಊರಿನಲ್ಲಿ. ಬೆಳಗಾವಿ ಕಡೆಯ ನಮ್ಮ ಪ್ರಿನ್ಸಿಪಾಲರು ಒಂದು ದಿನ ಕರೆದು ಹೇಳಿದರು: “ಸರ, ನಿಮ್ಮ ಕ್ಲಾಸಿನ್ಯಾಗ ನಾಕೇ ಹುಡುಗರು. ಅದರಾಗ ಒಬ್ಬ ದಾರಿ ತಪ್ಪಿ ಬಂದಾನ. ಬರೋ ವರ್ಷನೂ ಹಿಂಗ ಆದ್ರ ಸಂಸ್ಕೃತ ಬಂದ್ ಮಾಡೋದ ನೋಡ್ರಿ.”

ನನಗೆ ಹಟ ಬಂತು. ಸುತ್ತಲಿನ ಕನ್ನಡ ಸಂಘಗಳು ಸೇರಿ ನಡೆಸುವ ಕ್ವಿಜ್ ಗೆದ್ದು ಹೆಸರು ಮಾಡಿದರೆ ಹುಡುಗರು ತಾವಾಗಿ ಬಂದಾರು ಎಂದುಕೊಂಡೆ. “ಈ ಸಲ ಗೆಲ್ಲದೆ ಬಿಡುವುದಿಲ್ಲ” ಎಂದು ಹೆಂಡತಿಗೆ ಹೇಳಿದೆ. “ಮೊದಲು ರೇಷನ್ ತನ್ನಿ” ಎಂದಳು.

ಲೋಕಲ್‌ನಲ್ಲಿ ತಾಲೀಮು

ತಯಾರಿಗೆ ಸಮಯ ಸಿಗುತ್ತಿದ್ದದ್ದು ಬೆಳಗಿನ ಲೋಕಲ್ ರೈಲಿನಲ್ಲಿ ಮಾತ್ರ. ನಮ್ಮ ಡಬ್ಬಿಯ ಇಸ್ಪೀಟು ಗುಂಪಿಗೆ ನನ್ನನ್ನು ಪ್ರಶ್ನೆ ಕೇಳಿ ಎಂದು ಗಂಟುಬಿದ್ದೆ. ಅವರು ಒಪ್ಪಿ ಒಂದು ಕಾನೂನು ಮಾಡಿದರು: ಸರಿ ಉತ್ತರ ಕೊಟ್ಟವನಿಗೆ ಸೀಟು, ತಪ್ಪಿದವನು ಎದ್ದು ನಿಲ್ಲಬೇಕು. ಒಂದು ವಾರ ನಾನು ಕಿಟಕಿ ಪಕ್ಕ ರಾಜನ ಹಾಗೆ ಕೂತೆ.

ಸೋಮವಾರ ಬಂದಾಗ ಗುಂಪಿನ ಹಿರಿಯರು ಕಾನೂನು ಬದಲಾಗಿದೆ ಎಂದರು. “ಉತ್ತರ ಗೊತ್ತಿದ್ದವ ಎದ್ದು ನಿಂತು ಹೇಳ್ಬೇಕು ಮಾಷ್ಟ್ರೇ. ನಿಮ್ಮ ಕ್ಲಾಸಲ್ಲೂ ಹಾಗೇ ಅಲ್ವಾ?”

ಅಂದಿನಿಂದ ಠಾಣೆಯವರೆಗೆ ನಿಂತೇ ಹೋದೆ. ತಪ್ಪು ಉತ್ತರ ಕೊಟ್ಟಿದ್ದರೆ ಕೂರಬಹುದಿತ್ತು, ಮನಸ್ಸು ಬರಲಿಲ್ಲ!

ಹೊಗೆ ಇದ್ದಲ್ಲಿ

ಕ್ವಿಜ್ ನಡೆಸುವ ಸಂಘದ ಕಾರ್ಯದರ್ಶಿಗಳು ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಂಡರು. ಗೃಹಪ್ರವೇಶದ ದಿನ ಲೋಕಲ್ ನಿಂತುಹೋಗಿ ಭಟ್ಟರು ಮುಂಬ್ರಾದಲ್ಲೇ ಉಳಿದರು. ಮುಹೂರ್ತ ಮೀರುತ್ತಿತ್ತು. ಎಲ್ಲರೂ ನನ್ನತ್ತ ತಿರುಗಿದರು.

“ನನ್ನದು ತರ್ಕಶಾಸ್ತ್ರ, ಹೋಮ ಗೀಮ ಗೊತ್ತಿಲ್ಲ” ಎಂದೆ.

“ಸಂಸ್ಕೃತವೇ ಅಲ್ವಾ? ಕೂತ್ಕೊಳ್ಳಿ ಮಾರಾಯ್ರೇ” ಎಂದು ಕಾರ್ಯದರ್ಶಿಗಳು ಮಣೆಯ ಮೇಲೆ ಕೂರಿಸಿಯೇಬಿಟ್ಟರು.

ಕ್ವಿಜ್ ಅವರ ಕೈಯಲ್ಲಿತ್ತು, ಒಲ್ಲೆ ಎನ್ನುವಂತಿರಲಿಲ್ಲ. ಗಣಪತಿ ಸ್ತುತಿ ಮುಗಿದ ಮೇಲೆ ನನ್ನ ಬಾಯಿಗೆ ಬಂದದ್ದು ತರ್ಕದ ಮೊದಲ ಪಾಠ: ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಅದನ್ನೇ ರಾಗವಾಗಿ ಹೇಳುತ್ತಾ ತುಪ್ಪ ಸುರಿದೆ. ಹೆಂಗಸರು ಕೈ ಮುಗಿದು ಕಣ್ಣೊರೆಸಿಕೊಂಡರು. ಅರ್ಧ ಭಕ್ತಿ, ಅರ್ಧ ಹೊಗೆ.

ಅಷ್ಟರಲ್ಲಿ ಯಾರೋ ಬಾಗಿಲು ದಡಬಡ ಬಡಿದರು. ಮೇಲಿನ ಮಹಡಿಯ ಮರಾಠಿಯವರೆಲ್ಲ “ಆಗ್! ಆಗ್!” ಬೆಂಕಿ ಬಿತ್ತೆಂದು ಕೂಗುತ್ತಾ ಬಾಲ್ದಿ ನೀರು ಹಿಡಿದು ನುಗ್ಗಿದರು. ನನ್ನ ಇಪ್ಪತ್ತು ವರ್ಷದ ಪಾಠವನ್ನು ಇಷ್ಟು ಬೇಗ ಅರ್ಥಮಾಡಿಕೊಂಡ ವಿದ್ಯಾರ್ಥಿಗಳನ್ನು ನಾನು ಬೇರೆ ಕಂಡಿಲ್ಲ.

ಕೌಂಟರಿನ ಗಂಟೆ

ಫೈನಲ್ ನಡೆದದ್ದು ಠಾಣೆಯ ವರ್ತಕ ನಗರದಲ್ಲಿ. ನನ್ನ ಎದುರಾಳಿ ಉಡುಪಿ ಕಡೆಯ ಹೋಟೆಲ್ ಮಾಲೀಕರು, ಬಲು ಬುದ್ಧಿವಂತರು. ಬಜರ್ ಕೆಟ್ಟಿತ್ತು. ಅವರೇ ಉದಾರವಾಗಿ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ, ಮಾಣಿಗಳನ್ನು ಕರೆಯುವ ಗಂಟೆ ತರಿಸಿ ಇಬ್ಬರ ನಡುವೆ ಇಟ್ಟರು. ಮೊದಲು ಬಡಿದವರಿಗೆ ಅವಕಾಶ, ಬಾಯಿಂದ ಹೊರಟ ಮೊದಲ ಮಾತೇ ಉತ್ತರ.

ಅಂಕ ಸಮಸಮ. ಕೊನೆಯ ಪ್ರಶ್ನೆ: “ಮದುವೆಯ ದಿನ ವಧೂವರರಿಗೆ ತೋರಿಸುವ ನಕ್ಷತ್ರ ಯಾವುದು?”

ನನ್ನ ಕೈ ಏಳುವುದರೊಳಗೆ ಅವರು ಟಿಂಗ್ ಎಂದು ಬಡಿದರು. ನನ್ನ ಸಂಸ್ಕೃತ ಮುಳುಗಿತು ಎಂದುಕೊಂಡೆ. ಆದರೆ ಆ ಗಂಟೆಯ ಸದ್ದು ಕಿವಿಗೆ ಬಿದ್ದದ್ದೇ ತಡ, ಅವರು ಅಭ್ಯಾಸಬಲದಿಂದ ಹಿಂದೆ ತಿರುಗಿ ಕೂಗಿದರು:

“ಏಯ್, ಮೂರನೇ ಟೇಬಲ್ ಯಾರು ನೋಡ್ತಿದ್ದೀರಿ?”

“ತಪ್ಪು ಉತ್ತರ” ಎಂದರು ತೀರ್ಪುಗಾರರು. “ಅರುಂಧತಿ” ಎಂದೆ ನಾನು. ಮಾಲೀಕರು ಕೈ ಕುಲುಕಿ, “ಸೋಲಿಸಿದ್ದು ನೀವಲ್ಲ ಮಾಷ್ಟ್ರೇ, ನನ್ನ ಹೋಟ್ಲು” ಎಂದರು.

ಕ್ಲಾಸು ಹೌಸ್‌ಫುಲ್

ಪೇಪರಿನಲ್ಲಿ ಫೋಟೋ ಬಂತು. ಜೂನ್‌ನಲ್ಲಿ ಕ್ಲಾಸಿಗೆ ಹೋದರೆ ಕಾಲಿಡಲು ಜಾಗವಿಲ್ಲ! ಚಾಕ್ ಎತ್ತಿಕೊಂಡು ರಾಮ ಶಬ್ದ ಬರೆಯತೊಡಗಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ರಾಯಚೂರಿನವಳು, ಅವಳ ಅಪ್ಪ ಮಹಾಪೆಯಲ್ಲಿ ಫ್ಯಾಕ್ಟರಿ ಕೆಲಸಗಾರ. “ಸರ, ಕ್ವಿಜ್ ಯಾವಾಗ ಚಾಲೂ ಮಾಡ್ತೀರಿ?”

ಇಡೀ ಕ್ಲಾಸು ಕ್ವಿಜ್ ಕಲಿಯಲು ಸೇರಿತ್ತು. ಹೊರಗೆ ಪ್ರಿನ್ಸಿಪಾಲರು ಕಿಟಕಿಯಿಂದ ತಲೆ ಎಣಿಸುತ್ತಿದ್ದರು. ನಿಜ ಹೇಳಿದರೆ ಸಂಜೆಯೊಳಗೆ ಕ್ಲಾಸು ಖಾಲಿ.

“ಈಗಲೇ ಶುರು!” ಎಂದು ಡಸ್ಟರಿನಿಂದ ಮೇಜು ಕುಟ್ಟಿದೆ. “ಮೊದಲ ಪ್ರಶ್ನೆ. ‘ರಾಮನಿಂದ’ ಅನ್ನಲು ಸಂಸ್ಕೃತದಲ್ಲಿ ಏನನ್ನುತ್ತಾರೆ? ಗೊತ್ತಿಲ್ಲದಿದ್ದರೆ ಬೋರ್ಡು ನೋಡಿ!”

ವರ್ಷವಿಡೀ ಹಾಗೇ ನಡೆಸಿದೆ. ಬೆಂಚಿಗೊಂದು ತಂಡ, ವಿಭಕ್ತಿಗೊಂದು ಸುತ್ತು, ಶ್ಲೋಕಕ್ಕೆ ಬೋನಸ್. ಪರೀಕ್ಷೆಯಲ್ಲಿ ಒಬ್ಬರೂ ಫೇಲಾಗಲಿಲ್ಲ. ರಾಯಚೂರಿನ ಹುಡುಗಿಯೇ ಮೊದಲು.

ಪ್ರಿನ್ಸಿಪಾಲರು ಹಿಗ್ಗಿ ಅವಳನ್ನು ಕರೆಸಿದರು. “ಸಂಸ್ಕೃತ ಇನ್ನ ಬಂದ್ ಮಾಡೂದಿಲ್ಲ ಬಿಡ್ರಿ ಸರ” ಎಂದು ನನಗೆ ಹೇಳಿ, ಅವಳತ್ತ ತಿರುಗಿದರು. “ಏನವ್ವಾ, ಸಂಸ್ಕೃತ ಇಷ್ಟು ಚಂದ ಹೆಂಗ ಓದಿದಿ?”

ಹುಡುಗಿ ತಪ್ಪಿತಸ್ಥಳ ಹಾಗೆ ತಲೆ ತಗ್ಗಿಸಿದಳು.

“ಸುಳ್ಳ್ಯಾಕ ಹೇಳ್ಲಿರಿ ಸರ, ಸಂಸ್ಕೃತ ಓದಾಕ ಟೈಮೇ ಸಿಗಲಿಲ್ಲ. ಈ ಸರ ವರ್ಷಪೂರ್ತಿ ಬರೇ ಕ್ವಿಜ್ ಆಡ್ಸ್ಯಾರ!”